ಬಾಡಿಗೆಯವರ ವರ್ಕ್‌ಶಾಪ್

"ಚಾಕು ರಿಪೇರಿ ಮಾಡೋರ ಮನೆ ಇದೇನಾ ತಾಯಿ?"

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಗೇಟಿನ ಮುಂದೆ ನಿಂತು ಒಬ್ಬ ಹೆಂಗಸು ಹೀಗೆ ಕೇಳಿದರು. ನನಗಿಂತ ಸ್ವಲ್ಪ ದೊಡ್ಡವರು. ಕೈಯಲ್ಲೊಂದು ಬಟ್ಟೆ ಚೀಲ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆಯವರಂತೆ. ಬಸ್ಸು ಬದಲಾಯಿಸಿ ತುಮಕೂರಿಗೆ ಬಂದು, ಅವರಿವರನ್ನು ಕೇಳಿಕೊಂಡು, ಬಿಸಿಲಿನಲ್ಲಿ ನಡೆದು ಬಂದಿದ್ದರು.

"ಅಲ್ಲ," ಅಂದೆ.

"ಮೂಲೆ ಅಂಗ್ಡಿಯೋರು ಇದೇ ಮನೆ ಅಂದ್ರಲ್ಲವ್ವ?"

"ಅವ್ರಿಗೆ ಗೊತ್ತಿಲ್ಲ."

ಆಕೆಗೆ ನಂಬಿಕೆಯಾಗಲಿಲ್ಲ. ಚೀಲದಿಂದ ಒಂದು ಮಡಚುವ ಚಾಕು ತೆಗೆದು ತೋರಿಸಿದರು. "ನಮ್ಮೆಜಮಾನ್ರುದು. ಮೊಳೆ ಸಡ್ಲ ಆಗಿ ಲಟಲಟ ಅಂತದೆ. ಹೊಸಾದು ತಗೊಳ್ಳಿ ಅಂದ್ರೆ, ಬ್ಯಾರೆದು ಮುಟ್ಟಾಕಿಲ್ಲ ಅಂತಾರೆ. ಯಾರಾದ್ರೂ ಮಾಡ್ಕೊಡೋರು ಗೊತ್ತಾ?"

ಎದುರು ಮನೆಯವರು ಗಿಡಕ್ಕೆ ನೀರು ಹಾಕುತ್ತಿದ್ದರು. (ನಮ್ಮ ಬೀದಿಯಲ್ಲಿ ಗಿಡಕ್ಕೆ ನೀರು ಹಾಕುವವರು ಸಾಮಾನ್ಯವಾಗಿ ಗಿಡವನ್ನು ನೋಡುವುದಿಲ್ಲ.)

"ಗೊತ್ತಿಲ್ಲಮ್ಮ," ಅಂದೆ.

ಆಕೆ ಚಾಕುವನ್ನು ಚೀಲಕ್ಕೆ ಹಾಕಿಕೊಂಡು ವಾಪಸ್ ಹೊರಟರು. ನಾನು ಗೇಟಿನ ಚಿಲಕ ಹಾಕಿದೆ.

ಚಾಕು ರಿಪೇರಿ ಮಾಡುವವರು ನನ್ನ ಗಂಡ.

ಮನೆ ಅದೇ.

ಓದುಗರೇ, ಇದು ನಾನು ಹೇಳಿದ ಎರಡನೆಯ ಸುಳ್ಳು. ಮೊದಲನೆಯದು ಇದಕ್ಕಿಂತ ದೊಡ್ಡದು. ಅದನ್ನು ಹೇಳದೆ ಇದು ಅರ್ಥವಾಗುವುದಿಲ್ಲ.

ನಮ್ಮ ಮನೆಯವರು ಆಫೀಸೊಂದರಲ್ಲಿ ಅಕೌಂಟ್ಸ್ ನೋಡಿಕೊಂಡಿದ್ದವರು. ರಿಟೈರ್ ಆದ ಮೇಲೆ ಕೆಲವು ದಿನ ಪೇಪರ್ ಓದಿದರು, ವಾಕಿಂಗ್ ಮಾಡಿದರು, ನನ್ನ ಅಡುಗೆಮನೆಯ ಡಬ್ಬಗಳನ್ನು ಅತ್ತಿತ್ತ ಜೋಡಿಸಿ ಬೈಸಿಕೊಂಡರು. ಆಮೇಲೆ ಒಂದು ದಿನ ಹಣ್ಣು ಕುಯ್ಯುವ ಮಡಚುವ ಚಾಕು ಕೆಟ್ಟಿತು. ಬಿಸಾಕಿ ಅಂದೆ. ಅವರು ಬಿಚ್ಚಿದರು. ಮತ್ತೆ ಜೋಡಿಸಲು ಬರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡತೊಡಗಿದರು.

ಅಷ್ಟೇ. ಅಲ್ಲಿಂದ ಮನೆಗೆ ಸಾಮಾನು ಬರುವುದು ಶುರುವಾಯಿತು.

ಮೊದಲು ಒಂದು ವೈಸ್. ಅದೇ, ವಸ್ತುವನ್ನು ಕಚ್ಚಿ ಹಿಡಿದುಕೊಳ್ಳುವ ಕಬ್ಬಿಣದ ದವಡೆ. ಅದನ್ನು ಕೂರಿಸಲು ಒಂದು ಬೆಂಚು. ಚಪ್ಪಟೆ, ದುಂಡು, ಮೂರು ಮೂಲೆ ಅಂತ ಬಗೆಬಗೆಯ ಅರಗಳು. ಒಂದು ಗ್ರೈಂಡರ್, ಒಂದು ಡ್ರಿಲ್ಲಿಂಗ್ ಮೆಷಿನ್, ನುಣ್ಣನೆಯ ಸಾಣೆಕಲ್ಲು. ರಿವೆಟ್ ಮಾಡಲು, ಅಂದರೆ ಅಲಗು-ಹಿಡಿ ಸೇರಿಸಿ ಮೊಳೆ ಕೂರಿಸಲು, ಹಿತ್ತಾಳೆಯ ಕಡ್ಡಿ. ಗುಜರಿ ಅಂಗಡಿಯಿಂದ ರೈಲು ಕಂಬಿಯ ತುಂಡೊಂದು ಬಂತು. ಅದರ ಮೇಲಿಟ್ಟು ಬಡಿಯುವುದಕ್ಕಂತೆ. ಅಡುಗೆಮನೆಯ ಹಿಂದೆ ನಾವು ಪಾತ್ರೆ ತೊಳೆಯುವ ಜಾಗವಿದೆಯಲ್ಲ, ಅದರ ಅರ್ಧ ಭಾಗ ಇವರ ವರ್ಕ್‌ಶಾಪ್ ಆಯಿತು.

ಕೆಟ್ಟ ಚಾಕು ಸರಿ ಮಾಡುವುದರಿಂದ ಹೊಸ ಚಾಕು ಮಾಡುವುದಕ್ಕೆ ಹೋದರು. ಹಲಸಿನ ಮರದ ತುಂಡು ತಂದು ಉಜ್ಜಿ ಉಜ್ಜಿ ಹಿಡಿ ಮಾಡುತ್ತಿದ್ದರು. ಒಳಗಿನ ಸ್ಪ್ರಿಂಗ್ ಸರಿಯಾಗಿ ಕೂತರೆ ಚಾಕು ಬಿಚ್ಚುವಾಗ ಟಕ್ ಅಂತ ಒಂದು ಶಬ್ದ ಬರಬೇಕಂತೆ. ಆ ಶಬ್ದ ಬಂದ ದಿನ ನನ್ನ ಹತ್ತಿರ ಓಡಿ ಬರುತ್ತಿದ್ದರು.

"ಕೇಳು, ಕೇಳು ಕಣೇ."

"ಹೂಂ," ಅನ್ನುತ್ತಿದ್ದೆ, ಉತ್ತರ ಪತ್ರಿಕೆಯಿಂದ ತಲೆ ಎತ್ತದೆ.

ಸುದ್ದಿ ಹರಡಿತು. ಜನ ಚಾಕು ಹಿಡಿದುಕೊಂಡು ಬರತೊಡಗಿದರು. ಇವರು ಯಾರನ್ನೂ ಬೇಡ ಅನ್ನಲಿಲ್ಲ. ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿಗೂ ಸುದ್ದಿ ಮುಟ್ಟಿತು. ಒಬ್ಬ ಮೇಡಂ ಎಲ್ಲರೆದುರಿಗೆ, "ಏನ್ರೀ, ನಿಮ್ಮೆಜಮಾನ್ರು ಸಾಣೆ ಹಿಡಿಯೋಕೆ ಶುರು ಮಾಡಿದ್ದಾರಂತೆ? ನಮ್ಮನೆ ಈಳಿಗೆಮಣೇನೂ ತರ್ಲಾ?" ಅಂದರು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಒಳಗೆ ಸುಡುತ್ತಿದ್ದರೂ ನಗುವುದು ಒಂದು ಕಲೆ. ನೌಕರಿಯಲ್ಲಿರುವ ಎಲ್ಲರಿಗೂ ಬರುತ್ತದೆ.

ಆಮೇಲೆ ಶ್ರಾವಣ ಬಂತು. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ಕಾಲೇಜಿನವರನ್ನೆಲ್ಲ ಕರೆದೆ. ಹೊಸದಾಗಿ ಬಂದಿದ್ದ ಪ್ರಿನ್ಸಿಪಾಲ್ ಮೇಡಂ ತಮ್ಮ ಯಜಮಾನರ ಜೊತೆ ಬರುತ್ತೇನೆ ಅಂದರು. ಬೆಳಿಗ್ಗೆ ಇವರಿಗೆ ಹೇಳಿದೆ: "ರೀ, ಹಿಂದುಗಡೆ ಇರೋದನ್ನೆಲ್ಲ ಸ್ವಲ್ಪ ಮುಚ್ಚಿಬಿಡಿ. ಚೆನ್ನಾಗಿ ಕಾಣಲ್ಲ."

ಅವರೇ ಹಳೆಯ ಬೆಡ್‌ಶೀಟ್ ಹುಡುಕಿ ತಂದು ಹೊದಿಸಿದರು. ಬೆಡ್‌ಶೀಟು ಸಾಲಲಿಲ್ಲ. ಗ್ರೈಂಡರು ಮುಚ್ಚಿತು, ವೈಸ್ ಹೊರಗೆ ಉಳಿಯಿತು.

ಊಟ ಮುಗಿಯಿತು. ಕೈ ತೊಳೆಯಲು ಎಲ್ಲರೂ ಹಿಂದುಗಡೆಗೇ ಬರಬೇಕಲ್ಲ. ಇವರು ಟವೆಲ್ ಹಿಡಿದು ನಲ್ಲಿಯ ಪಕ್ಕ ನಿಂತಿದ್ದರು. ಪ್ರಿನ್ಸಿಪಾಲ್ ಮೇಡಂ ಅವರ ಯಜಮಾನರು ಕೈ ಒರೆಸಿಕೊಳ್ಳುತ್ತಾ ಬೆಂಚಿನ ಕಡೆ ನೋಡಿದರು.

"ಏನ್ ಮೇಡಂ, ಮನೇಲೇ ವರ್ಕ್‌ಶಾಪ್ ಇಟ್ಟಿದ್ದೀರಾ?"

ಹಿಂದೆ ಸ್ಟಾಫ್ ರೂಮಿನವರೆಲ್ಲ ಸಾಲಾಗಿ ನಿಂತಿದ್ದರು. ಈಳಿಗೆಮಣೆಯ ಮೇಡಂ ಕೂಡ.

"ಅಯ್ಯೋ, ನಮ್ದಲ್ಲ ಸಾರ್," ಅಂದೆ. "ಮೇಲಿನ ಮನೆ ಬಾಡಿಗೆಯವರದು. ಜಾಗ ಇಲ್ಲ ಅಂತ ಇಲ್ಲಿಟ್ಟಿದ್ದಾರೆ."

ಯೋಚಿಸಿ ಹೇಳಿದ್ದಲ್ಲ. ಬಾಯಿಂದ ತಾನಾಗಿಯೇ ಬಂತು. ಅದೇ ಭಯದ ವಿಷಯ. ಯೋಚಿಸಿ ಹೇಳುವ ಸುಳ್ಳಿಗೆ ಕ್ಷಮೆ ಇರಬಹುದು. ಯೋಚಿಸದೆ ಬರುವುದು ಒಳಗೆ ಮೊದಲೇ ತಯಾರಾಗಿ ಕೂತಿರುತ್ತದೆ.

ನಾನು ಇವರ ಮುಖ ನೋಡಲಿಲ್ಲ. ಆದರೆ ದನಿ ಕೇಳಿಸಿತು.

"ಹೌದು ಸಾರ್. ಬಾಡಿಗೆಯವರದು. ಒಳ್ಳೆ ಜನ."

ಹೇಳಿದವರೇ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಎರಡೂ ಕೈಗಳನ್ನು ಪಂಚೆಯ ಮರೆಗೆ ಸರಿಸಿದರು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅದು ಯಾರಿಗೂ ಕಾಣಬಾರದು ಅಂತ. ನನ್ನ ಸುಳ್ಳು ಸಿಕ್ಕಿಬೀಳಬಾರದು ಅಂತ!

ಇನ್ನೊಂದು ವಿಷಯ ಹೇಳಲೇಬೇಕು. ಇದೇ ಅಂಕಣದಲ್ಲಿ ನಾನು ಕೈಕೆಲಸದ ಘನತೆಯ ಬಗ್ಗೆ ಬರೆದಿದ್ದೆ. ಕೈ ಕೊಳೆಯಾಗುವ ಕೆಲಸವನ್ನು ನಾವು ಯಾಕೆ ಕೀಳಾಗಿ ನೋಡುತ್ತೇವೆ ಅಂತ ನಿಮ್ಮನ್ನೆಲ್ಲ ಕೇಳಿದ್ದೆ. ನಿಮ್ಮಲ್ಲಿ ಹಲವರು ಮೆಚ್ಚಿ ಮೆಸೇಜ್ ಹಾಕಿದ್ದಿರಿ. ಆ ಮೆಸೇಜುಗಳನ್ನು ಇವರಿಗೇ ಓದಿ ಹೇಳಿದ್ದೆ. ಇವರು ಅರ ಉಜ್ಜುತ್ತಲೇ, "ಚೆನ್ನಾಗ್ ಬರ್ದಿದೀಯ," ಅಂದಿದ್ದರು.

ಪೂಜೆಯ ದಿನ ಸಂಜೆ ಜಗಳವಾಗುತ್ತದೆ ಅಂತ ಕಾದೆ. ಆಗಲಿಲ್ಲ. ಮರುದಿನವೂ ಆಗಲಿಲ್ಲ. ಆ ವಾರವೇ ಒಂದು ಗೂಡ್ಸ್ ಆಟೋ ಬಂತು. ವೈಸು, ಗ್ರೈಂಡರು, ಬೆಂಚು, ಕಂಬಿ ತುಂಡು ಎಲ್ಲ ಹತ್ತಿಸಿದರು. ಗುಬ್ಬಿಯಲ್ಲಿ ಅವರ ತಂಗಿ ಪುಷ್ಪಳ ಮನೆಯಿದೆ. ಪಕ್ಕದಲ್ಲಿ ತೆಂಗಿನಕಾಯಿ ತುಂಬುವ ಕೋಣೆಯೊಂದು ಖಾಲಿ ಬಿದ್ದಿತ್ತು.

"ಅಲ್ಲಿ ಜಾಗ ಇದೆ ಕಣೇ. ಇಲ್ಲಿ ನಿಂಗೆ ಪಾತ್ರೆ ತೊಳ್ಯೋಕೂ ಇಕ್ಕಟ್ಟು," ಅಂದರು.

ನನಗೆ ಏನನ್ನಿಸಿತು ಗೊತ್ತಾ? ಸಮಾಧಾನ. ಹೌದು. ಆ ಜಾಗವನ್ನು ತೊಳೆದು ವಾಷಿಂಗ್ ಮೆಷಿನ್ ಇಟ್ಟೆ. ಇವರು ತಿಂಡಿ ತಿಂದು ಗುಬ್ಬಿಗೆ ಹೋಗುತ್ತಿದ್ದರು, ಸಂಜೆ ಬರುತ್ತಿದ್ದರು. ಆಫೀಸಿಗೆ ಹೋಗಿ ಬರುವ ಹಾಗೆ. ಅಲ್ಲಿ ಏನು ಮಾಡಿದಿರಿ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಹೀಗಿರುವಾಗಲೇ ಹುತ್ರಿದುರ್ಗದ ಕಡೆಯ ಆ ಹೆಂಗಸು ಬಂದದ್ದು. "ಗುಬ್ಬಿಗೆ ಹೋಗಿ, ಮಾಡಿಕೊಡ್ತಾರೆ" ಅನ್ನಲು ನನಗೇನಾಗಿತ್ತು? ಎದುರು ಮನೆಯವರ ನೀರಿನ ಪೈಪು ಬಿಟ್ಟರೆ ಅಡ್ಡ ಏನಿತ್ತು?

ಆಕೆ ಹೋದ ಸ್ವಲ್ಪ ಹೊತ್ತಿಗೆ ಕೂರಲಾಗಲಿಲ್ಲ. ಸ್ಕೂಟರ್ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಕುಣಿಗಲ್ ಬಸ್ಸು ನಿಲ್ಲುವ ಕಡೆ ಉದ್ದಕ್ಕೂ ಹುಡುಕಿದೆ. ಇರಲಿಲ್ಲ. ಬಸ್ಸು ಆಗಲೇ ಹೋಗಿತ್ತು.

ಕಾಲೇಜಿಗೆ ರಜೆ ಇದ್ದ ದಿನ, ಇವರಿಗೆ ಹೇಳದೆ ಗುಬ್ಬಿಗೆ ಹೋದೆ. ಅವತ್ತು ಅಲ್ಲಿ ಸಂತೆ. ಪುಷ್ಪಳ ಮನೆ ಪಕ್ಕದ ಕೋಣೆಯ ಮುಂದೆ ಜನ ಸೇರಿದ್ದರು. ಸಂತೆಗೆ ಬಂದವರು ಚಾಕು ಕೊಟ್ಟು ಹೋಗುವುದು, ವಾಪಸ್ ಹೋಗುವಾಗ ಇಸಿದುಕೊಳ್ಳುವುದು. ಒಳಗಿನಿಂದ ದೊಡ್ಡ ನಗು ಕೇಳಿಸಿತು. ಯಾರದಪ್ಪಾ ಅಂತ ನೋಡಿದರೆ ನಮ್ಮ ಮನೆಯವರದು! ಇಷ್ಟು ಜೋರಾಗಿ ನಗುತ್ತಾರೆ ಅನ್ನುವುದೇ ನನಗೆ ಮರೆತುಹೋಗಿತ್ತು.

ಚಾಕುವೊಂದನ್ನು ಒಬ್ಬ ಅಜ್ಜನ ಕಿವಿಯ ಹತ್ತಿರ ಹಿಡಿದು ಟಕ್ ಅನ್ನಿಸಿದರು. ಅಜ್ಜ, "ಅಗ್ಗಗ್ಗ, ಹೊಸಾದ್ ಹಂಗೇ ಆಗೋಯ್ತಲ್ಲಪ್ಪ!" ಅಂದರು. ಪುಷ್ಪ ಕಾಫಿ ಲೋಟ ಹಿಡಿದು ನಿಂತವಳು, "ಮತ್ತೆ? ನಮ್ಮಣ್ಣ ಅಂದ್ರೆ ಏನ್ ಅನ್ಕೊಂಡ್ರಿ?" ಅಂದಳು.

ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಅಜ್ಜ ಕೇಳಿದರು: "ತಾವೂ ಚಾಕು ತಂದಿದ್ದೀರಾ ತಾಯಿ?"

ಇವರು ತಲೆ ಎತ್ತಿದರು. ಏನು ಹೇಳುತ್ತಾರೋ?

"ನಮ್ಮ ಮನೆಯವ್ರು," ಅಂದರು. ಹೆಗಲ ಮೇಲಿನ ಟವೆಲಿನಿಂದ ಕುರ್ಚಿ ಒರೆಸಿ ನನ್ನ ಕಡೆ ತಳ್ಳಿದರು. "ಕಾಲೇಜಲ್ಲಿ ಪಾಠ ಮಾಡ್ತಾರೆ. ಪೇಪರಲ್ಲೂ ಬರೀತಾರೆ. ಭಾಳ ಚೆನ್ನಾಗಿ ಬರೀತಾರೆ."

ಕೂತೆ. ಅಷ್ಟು ಜನರ ಮುಂದೆ ಎಲ್ಲಿ ನೋಡಬೇಕು ಅಂತ ಗೊತ್ತಾಗದೆ ನೆಲ ನೋಡುತ್ತಾ ಕೂತೆ.

ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ವಾಪಸ್ ಬಂದೆವು. "ಸಾಮಾನೆಲ್ಲ ಮನೆಗೆ ತಂದುಬಿಡಿ," ಅಂದೆ.

"ಗುಬ್ಬೀಲೇ ಇರ್ಲಿ ಬಿಡು. ಮನೇಲಾದ್ರೆ ಬಂದೋರಿಗೆಲ್ಲ ನೀನು ಏನಾದ್ರೂ ಹೇಳ್ಬೇಕಾಗತ್ತೆ. ನಿಂಗ್ಯಾಕೆ ತೊಂದ್ರೆ?"

ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ತಿರುಗಿ ಹೇಳಿ ಹಗುರಾಗಬಹುದಿತ್ತು.

ಕೊನೆಗೆ ಗೇಟಿನ ಮುಂದೆ ಬಂದಿದ್ದ ಹೆಂಗಸಿನ ವಿಷಯ ಹೇಳಿದೆ. ಆಗ ಅವರಿಗೆ ಸಿಟ್ಟು ಬಂತು. ಪೂಜೆಯ ದಿನ ಬಾರದ ಸಿಟ್ಟು.

"ವಾಪಸ್ ಯಾಕೆ ಕಳ್ಸ್‌ದೆ? ಹೆಸರು ಕೇಳಿದ್ಯಾ? ಫೋನ್ ನಂಬರ್ ಇಸ್ಕೊಂಡ್ಯಾ?"

"ಇಲ್ಲ."

"ಮೊಳೆ ಸಡ್ಲ ಆಗಿತ್ತು ಅಂದ್ಯಲ್ಲ, ಕಾಫಿ ಕುಡಿಯೋಷ್ಟ್ರಲ್ಲಿ ಆಗೋ ಕೆಲಸ ಕಣೇ ಅದು! ಅಷ್ಟು ದೂರದಿಂದ ಬಂದೋರು..."

ಆಮೇಲೆ ಕಿಟಕಿಯ ಕಡೆ ತಿರುಗಿ ಕೂತರು. ತನ್ನ ಕೆಲಸವನ್ನು ಹೆಂಡತಿಯೇ ನಮ್ಮದಲ್ಲ ಅಂದದ್ದನ್ನು ನುಂಗಿಕೊಂಡ ಮನುಷ್ಯ, ಗುರುತಿಲ್ಲದ ಒಬ್ಬ ಹೆಂಗಸನ್ನು ಬರಿಗೈಯಲ್ಲಿ ಕಳಿಸಿದ್ದನ್ನು ನುಂಗಿಕೊಳ್ಳಲಿಲ್ಲ. ಮರುದಿನ ಮೂಲೆ ಅಂಗಡಿಯವರಿಗೆ ಗುಬ್ಬಿಯ ವಿಳಾಸ ಕೊಟ್ಟು, ಆಕೆ ಮತ್ತೆ ಬಂದರೆ ಹೇಳಿ ಅಂದೆ. ಆಕೆ ಈವರೆಗೆ ಬಂದಿಲ್ಲ. ಯಾಕೆ ಬರುತ್ತಾರೆ?

ಅದೇ ದಿನ ಕಾಲೇಜಿನಲ್ಲಿ ಪ್ರಿನ್ಸಿಪಾಲ್ ಮೇಡಂ ಚೇಂಬರಿಗೆ ಹೋದೆ. ರಾತ್ರಿಯಿಡೀ ವಾಕ್ಯ ಜೋಡಿಸಿಕೊಂಡಿದ್ದೆ.

"ಮೇಡಂ, ಪೂಜೆ ದಿನ ನಮ್ಮನೆ ಹಿಂದುಗಡೆ ಇದ್ದ ವರ್ಕ್‌ಶಾಪ್ ಬಾಡಿಗೆಯವರದಲ್ಲ. ನಮ್ಮ ಯಜಮಾನರದು."

ಅವರು ಫೈಲಿನಿಂದ ತಲೆ ಎತ್ತಿದರು. "ಯಾವ ವರ್ಕ್‌ಶಾಪು?"

ನೆನಪೇ ಇರಲಿಲ್ಲ! ನಾನೇ ಎಲ್ಲ ಬಿಡಿಸಿ ಹೇಳಬೇಕಾಯಿತು. ಬೆಂಚು, ವೈಸು, ಚಾಕು, ಟವೆಲ್ ಹಿಡಿದು ನಿಂತ ಗಂಡ. ಮೇಡಂ ಪೂರ್ತಿ ಕೇಳಿ, ಬಹಳ ಸಹಜವಾಗಿ, "ಅದಕ್ಯಾಕೆ ಸುಳ್ಳು ಹೇಳಿದ್ರಿ?" ಅಂದರು.

"ಬರ್ತೀನಿ ಮೇಡಂ" ಅಂತ ಎದ್ದು ಬಂದೆ.

ಸಂಜೆ ಇವರಿಗೆ ಹೇಳಿದೆ. "ಹೇಳೋ ಅಗತ್ಯ ಇರ್ಲಿಲ್ಲ ಕಣೇ," ಅಂದರು. ಟಿವಿ ನೋಡುತ್ತಾ ಕೂತರು. ಜಾಹೀರಾತು ಬಂದಾಗ ನನ್ನ ಕಡೆ ತಿರುಗದೆ ಕೇಳಿದರು: "ಏನಂದ್ರು?"

ಅಂದರೆ ಇಷ್ಟು ದಿನವೂ ಅವರಿಗೆ ನೋವಿತ್ತು. ಆ ಒಂದು ಪ್ರಶ್ನೆಯಲ್ಲಿ ಅಷ್ಟೂ ಗೊತ್ತಾಯಿತು.

"ಅದಕ್ಯಾಕೆ ಸುಳ್ಳು ಹೇಳಿದ್ರಿ ಅಂದ್ರು."

"ನೀನೇನಂದೆ?"

"ಏನಂತ ಹೇಳ್ಬೇಕೋ ಗೊತ್ತಾಗ್ಲಿಲ್ಲ."

ಅವರು ತಲೆಯಾಡಿಸಿದರು. "ಗೊತ್ತಾದ್ರೆ ನಂಗೂ ಹೇಳು," ಅಂದರು. ಸೀರಿಯಲ್ಲು ಮತ್ತೆ ಶುರುವಾಯಿತು.

ಅಂದಿನಿಂದ ಹುಡುಕುತ್ತಲೇ ಇದ್ದೇನೆ. ಗಂಡ ಹಾರ್ಮೋನಿಯಂ ನುಡಿಸುತ್ತಿದ್ದರೆ ನಡುಮನೆಯಲ್ಲೇ ಕೂರಿಸಿ, ಬಂದವರಿಗೆಲ್ಲ ಕೇಳಿಸುತ್ತಿದ್ದೆ. ಬೋನ್ಸಾಯ್ ಬೆಳೆಸಿದ್ದರೆ ಫೋಟೋ ತೆಗೆದು ಸ್ಟೇಟಸ್ ಹಾಕುತ್ತಿದ್ದೆ. ಅದೇ ಏಕಾಗ್ರತೆ, ಅದೇ ಖುಷಿ, ಅದೇ ಕೈ. ಎಣ್ಣೆ, ಕಬ್ಬಿಣದ ಪುಡಿ ಮೆತ್ತಿಕೊಂಡ ಕೂಡಲೇ ಅದು ಮುಚ್ಚಿಡುವ ಕೈ ಯಾಕಾಯಿತು? ಅಕೌಂಟ್ಸ್ ಬರೆಯುತ್ತಿದ್ದಾಗ ಇಂಕು ಮೆತ್ತಿಕೊಂಡ ಬೆರಳುಗಳನ್ನು ನೋಡಿ ನನಗೆ ಒಂದು ದಿನವೂ ನಾಚಿಕೆಯಾಗಿರಲಿಲ್ಲ.

ಉತ್ತರದ ಅರ್ಧ ಅಲ್ಲೇ ಇದೆ ಅನ್ನಿಸುತ್ತದೆ. ಉಳಿದರ್ಧ ಇನ್ನೂ ಕೆಟ್ಟದ್ದು: ಆ ಕೆಲಸ ಯಾರು ಮಾಡುವಂಥದ್ದು ಅಂತ ಹುಟ್ಟಿನಿಂದ ನನ್ನೊಳಗೆ ಕೂತಿರುವ ಲೆಕ್ಕ. ಬಿಡಿಸಿ ಹೇಳಲು ಧೈರ್ಯವಿಲ್ಲ.

ಬೆಂಚು, ವೈಸು ಗುಬ್ಬಿಯಲ್ಲೇ ಇವೆ. ಇವರು ಈಗಲೂ ಬೆಳಿಗ್ಗೆ ಹೋಗುತ್ತಾರೆ, ಸಂಜೆ ಬರುತ್ತಾರೆ. ಬಂದ ಮೇಲೆ ಇವತ್ತು ಏನು ಮಾಡಿದಿರಿ ಅಂತ ಕೇಳುತ್ತೇನೆ. ಸ್ವಲ್ಪ ಹೇಳುತ್ತಾರೆ. ಮೊದಲಿನಷ್ಟಲ್ಲ. ಮೊನ್ನೆ ನೆಂಟರು ಬಂದಾಗ, ಇವರ ಚಾಕು ಕೆಲಸದ ವಿಷಯ ಹೇಳಿಬಿಡೋಣ ಅಂತ ನಾನು ಬಾಯಿ ತೆಗೆಯುವಷ್ಟರಲ್ಲಿ ಇವರೇ ಎದ್ದು, "ನೀವು ಮಾತಾಡ್ತಿರಿ," ಅಂತ ರೂಮಿನೊಳಗೆ ಹೋಗಿ ಕೂತರು. ಯಾರೂ ಹೋಗಿ ಅಂದಿರಲಿಲ್ಲ.

ನಿಮ್ಮನ್ನೂ ಕೇಳುತ್ತೇನೆ. ಮನೆಗೆ ಯಾರಾದರೂ ಬರುತ್ತಾರೆ ಅಂದಾಗ ಅವಸರದಲ್ಲಿ ಒಳಗೆ ಸರಿಸುತ್ತೀರಲ್ಲ, ಅದು ಬರೀ ಸಾಮಾನೇನಾ?