ಕಫ ಹಿಡಿದು ನಿಂತ ಸಿಸ್ಟರ್

ನನ್ನ ಗಂಡ ಫ್ಲೂ ಜ್ವರ ವಿಷಮಿಸಿ ರಾಮನಗರದ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾಗ ಆ ಸಿಸ್ಟರ್ ಪರಿಚಯವಾದರು. ಕಬ್ಬಾಳು ಕಡೆಯವರು. ಹಾಸಿಗೆಯ ಬಳಿ ಬಂದರೆ ಮಾನಿಟರ್‌ಗಿಂತ ಮೊದಲು ರೋಗಿಯ ಎದೆಯ ಏರಿಳಿತ ನೋಡುತ್ತಿದ್ದರು. "ಉಳೀತಾರಾ ಸಿಸ್ಟರ್?" ಎಂದು ಎಷ್ಟು ಸಲ ಕೇಳಿದರೂ ಅವರದು ಒಂದೇ ಮಾತು: "ಗೊತ್ತಿಲ್ಲ ಕಣಕ್ಕ, ನೋಡ್ತಾ ಇವ್ನಿ."

ಹತ್ತನೆಯ ದಿನ ಜ್ವರ ಬಿಟ್ಟಿತು. ನಾಳೆ ವಾರ್ಡಿಗೆ ಕಳಿಸೋಣ ಎಂದರು ಡಾಕ್ಟರು. ಸಂಜೆ ನಮ್ಮವರು ಕೆಮ್ಮಿದಾಗ ಕಫದಲ್ಲಿ ರಕ್ತದ ಎಳೆ ಕಂಡಿತು. ಸಿಸ್ಟರ್ ಅದನ್ನು ಡಬ್ಬಿಯಲ್ಲಿ ಹಿಡಿದು ಡಾಕ್ಟರ ಮುಂದೆ ನಿಂತರು.

"ಕೆಮ್ಮಿ ಕೆಮ್ಮಿ ಗಂಟಲು ಕೆರೆದಿರುತ್ತೆ ಬಿಡಿ," ಎಂದರು ಡಾಕ್ಟರು.

"ಜ್ವರ ಇಳಿದೈತೆ ಸಾರ್, ಏದುಸ್ರು ಇಳಿದಿಲ್ಲ. ಫಂಗಸ್ ಟೆಸ್ಟಿಗೆ ಕಳಿಸಾನ." ಡಾಕ್ಟರು ಚೀಟಿ ಬರೆಯುವ ತನಕ ಸಿಸ್ಟರ್ ಕದಲಲಿಲ್ಲ.

ಫ್ಲೂ ಹಣ್ಣು ಮಾಡಿದ್ದ ಶ್ವಾಸಕೋಶದೊಳಗೆ ಫಂಗಸ್ ಬೆಳೆಯುತ್ತಿತ್ತು. ವರದಿ ಬಂದ ದಿನವೇ ಬೇರೆ ಔಷಧಿ ಶುರುವಾಯಿತು. ತಿಂಗಳು ಕಳೆದ ಮೇಲೆ ನಮ್ಮವರು ಗೋಡೆ ಹಿಡಿದು ನಡೆದರು.

ಮನೆಗೆ ಹೊರಟ ದಿನ ಸಿಸ್ಟರ್ ಕಾಲಿಗೆ ಬೀಳಲು ಹೋದೆ. ಭುಜ ಹಿಡಿದು ತಡೆದರು.

"ಬ್ಯಾಡ ಕಣಕ್ಕ. ಹೋದ್ ವರ್ಷ ತೀರ್ಕೊಂಡ ಒಬ್ರಿಗೂ ಇಂಗೇ ರಕ್ತ ಬಂದಿತ್ತು. ಡಾಕ್ಟ್ರು ಏನಿಲ್ಲ ಅಂದ್ರು, ನಾನೂ ಸುಮ್ನಾಗ್ಬುಟ್ಟೆ."