ಹೊಳೆಗೆ ತಿರುಗಿ ಬಿಡುವ ನೀರು

ನಮ್ಮ ಊರಿನ ಹೊಳೆಯ ಮೆಟ್ಟಿಲಿನ ಹತ್ತಿರ ಒಂದು ಫಲಕ ಉಂಟು: ‘ಇಲ್ಲಿ ಬಟ್ಟೆ ಒಗೆಯುವುದನ್ನು ನಿಷೇಧಿಸಿದೆ.’ ಅದನ್ನು ಹಾಕಿಸಿದ್ದು ನನ್ನಿಂದಾಗಿ. ಆ ಮೆಟ್ಟಿಲಿನಲ್ಲಿ ನಾನು ಒಂದು ದಿನವೂ ಬಟ್ಟೆ ಒಗೆದವಳಲ್ಲ. ನಮ್ಮ ಮನೆಯ ಬಟ್ಟೆ ಮೊದಲು ಬಾವಿಕಟ್ಟೆಯ ಕಲ್ಲಿನಲ್ಲಿ ಒಗೆಯುತ್ತಿದ್ದದ್ದು, ಈಗ ಮೆಷಿನಿನಲ್ಲಿ. ಆದರೂ ಆ ಫಲಕ ನನಗೇ. ಊರಿಗೆಲ್ಲ ಗೊತ್ತುಂಟು.

ನಮ್ಮದು ಜೈನರ ಮನೆ. ಊರು ನಾರಾವಿಯಿಂದ ಸ್ವಲ್ಪ ಒಳಗೆ. ಹೊಳೆಯ ದಡದಲ್ಲಿ ಪಾದೆಯ ಮೇಲೆ ಹಳೆಯ ಬಸದಿ. ಪಾದೆಕಲ್ಲು ಒಡೆದು ಬಾವಿ ತೋಡಲಿಕ್ಕೆ ಹಿಂದಿನವರು ಹೋಗಲಿಲ್ಲ, ಹೊಳೆಗೇ ಮೆಟ್ಟಿಲು ಕಟ್ಟಿದರು. ದೇವರ ಅಭಿಷೇಕಕ್ಕೆ ನೀರು ಆ ಮೆಟ್ಟಿಲಿನಿಂದಲೇ ಬರಬೇಕು. ಅದನ್ನು ತರುವುದು ನಮ್ಮ ಮನೆಯ ಹೆಂಗಸರ ಕೆಲಸ. ಅತ್ತೆ ತರುತ್ತಿದ್ದರು. ಅವರ ಮೊಣಗಂಟು ಸೋತ ಮೇಲೆ ನಾನು.

ತರುವುದೆಂದರೆ ಕೊಡಪಾನ ಮುಳುಗಿಸಿ ಎತ್ತಿಕೊಂಡು ಬರುವುದಲ್ಲ. ಸ್ನಾನ ಮಾಡಿ ಮಡಿ ಉಟ್ಟು, ಯಾರ ಮೈಯೂ ತಾಗದ ಹಾಗೆ ಇಳಿಯಬೇಕು. ಕೊಡಪಾನದ ಬಾಯಿಗೆ ದಪ್ಪದ ಬಿಳಿ ಬಟ್ಟೆ ಮಡಚಿ ಹಾಕಬೇಕು. ತಂಬಿಗೆಯಲ್ಲಿ ನೀರು ಮೊಗೆದು ಮೆಲ್ಲ ಆ ಬಟ್ಟೆಯ ಮೇಲೆ ಹೊಯ್ಯಬೇಕು. ನೀರಿನಲ್ಲಿ ಕಣ್ಣಿಗೆ ಕಾಣದ ಎಷ್ಟೋ ಜೀವ ಉಂಟಲ್ಲ, ಅವು ಬಟ್ಟೆಯ ಮೇಲೆ ನಿಲ್ಲುತ್ತವೆ. ಕೊಡ ತುಂಬಿದ ಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಬಿಟ್ಟು, ಆ ಜೀವಗಳನ್ನು ತಿರುಗಿ ಹೊಳೆಗೇ ಸೇರಿಸಬೇಕು. ಬೇರೆ ನೀರಿಗೆ ಅಲ್ಲ, ಅವು ಬಂದ ನೀರಿಗೇ. ಮೇಲಿನಿಂದ ಕೊಡವಲಿಕ್ಕಿಲ್ಲ, ಬಗ್ಗಿ, ನೀರಿಗೆ ತಾಗಿಸಿ ಬಿಡಬೇಕು. ಮೊದಲ ದಿನ ನಾನು ನಿಂತಲ್ಲಿಂದಲೇ ಕೊಡವಿದ್ದಕ್ಕೆ ಅತ್ತೆ, “ನಿನ್ನನ್ನು ಯಾರಾದರೂ ಮಾಳಿಗೆಯಿಂದ ಹಾಗೆ ಬಿಸಾಡಿದರೆ ಆದೀತಾ?” ಅಂತ ಕೇಳಿದ್ದರು. ಆಮೇಲೆ ನಾನು ಬಗ್ಗದೆ ಬಿಟ್ಟದ್ದೇ ಇಲ್ಲ.

ನೀರು ಬಂದ ಮೇಲೆ ಅಭಿಷೇಕ. ನಮ್ಮ ಬಸದಿಯ ಪುರೋಹಿತರನ್ನು ನಾವು ಇಂದ್ರರು ಅನ್ನುವುದು. ವಯಸ್ಸಾದವರು, ಮಾತು ಕಡಿಮೆ. ಅಭಿಷೇಕ ಆಗಿ ಆ ನೀರನ್ನು, ಗಂಧೋದಕವನ್ನು, ಕಣ್ಣಿಗೆ ಒತ್ತಿಕೊಂಡ ಮೇಲೆಯೇ ನನ್ನ ತಿಂಡಿ. ಇಷ್ಟೇ ನನ್ನ ಬೆಳಗ್ಗೆ. ಹೊಳೆ ಒಂದು ಬೇಸಿಗೆಯಲ್ಲೂ ಪೂರ್ತಿ ಬತ್ತಲಿಲ್ಲ, ನನ್ನ ಕಾಲು ಇನ್ನೂ ಗಟ್ಟಿ ಉಂಟು. ಇದಕ್ಕಿಂತ ಹೆಚ್ಚಿನ ಪುಣ್ಯ ನಾನು ಕೇಳಿದವಳಲ್ಲ.

ಬರುವವರು ಮೊದಲೂ ಬರುತ್ತಿದ್ದರು. ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ, ವೇಣೂರಿನ ಗೊಮ್ಮಟನಿಗೆ ಕೈಮುಗಿದು, ದಾರಿ ಕೇಳಿಕೊಂಡು ನಮ್ಮಲ್ಲಿಗೂ ಒಬ್ಬಿಬ್ಬರು. ಅವರಿಗೆ ಬೆಲ್ಲ ನೀರು ಕೊಟ್ಟಿದ್ದೇನೆ, ಬಾಗಿಲು ತೆಗೆಸಿ ಕೊಟ್ಟಿದ್ದೇನೆ. ನನಗೇನೂ ದ್ವೇಷ ಇರಲಿಲ್ಲ. ಆಮೇಲೆ ಯಾರೋ ಹೊಳೆಯ ಮೇಲೆ ಡ್ರೋನ್ ಹಾರಿಸಿ ವಿಡಿಯೋ ಮಾಡಿ ಹಾಕಿದರು. ಅಲ್ಲಿಗೆ ಮುಗಿಯಿತು. ಬೆಂಗಳೂರಿನಿಂದ ರಾತ್ರಿ ಹೊರಟು ದಾರಿಯ ಮಾಣಿ ಪೇಟೆಯಲ್ಲಿ ಚಹಾ ಕುಡಿದು ಬೆಳಿಗ್ಗೆಗೆ ನಮ್ಮಲ್ಲಿ ಹಾಜರ್. ಮೆಟ್ಟಿಲಿನ ತುಂಬ ಚಿಪ್ಸ್ ಪ್ಯಾಕೆಟ್, ಮಕ್ಕಳ ಡೈಪರ್, ಶ್ಯಾಂಪೂವಿನ ನೊರೆ. ಊರಿನಲ್ಲಿ ಪ್ರವಾಸಿ ಅಭಿವೃದ್ಧಿ ಅಂತ ಒಂದು ಸಮಿತಿ ಹುಟ್ಟಿತು. ಬಾಡಿಗೆಗೆ ಬಣ್ಣದ ದೋಣಿ ಬಂತು. ಊರಿನ ಹೆಸರನ್ನು ಆಳೆತ್ತರದ ಅಕ್ಷರದಲ್ಲಿ ನಿಲ್ಲಿಸಿ ಪಕ್ಕದಲ್ಲಿ ಕೆಂಪು ಹೃದಯ ಕೂರಿಸಿದರು. ಹುಟ್ಟಿದ ಊರನ್ನು ಪ್ರೀತಿಸುತ್ತೇವೆ ಅಂತ ಸಿಮೆಂಟಿನಲ್ಲಿ ಬರೆದು ತೋರಿಸಬೇಕಾ?

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಾನು ಬಟ್ಟೆ ಮಗುಚಿ ನೀರಿಗೆ ಬಿಡುತ್ತಿದ್ದೆ. ಮೇಲಿನ ಮೆಟ್ಟಿಲಿನಲ್ಲಿ ಯಾರೋ ಹೊರಗಿನ ಹುಡುಗಿ ಮೊಬೈಲು ಹಿಡಿದು ನಿಂತಿದ್ದಳು. ಹೊಳೆಯ ಫೋಟೋ ತೆಗೆಯುತ್ತಿರಬೇಕು ಅಂದುಕೊಂಡೆ. ಎರಡು ದಿನ ಕಳೆದು ನಮ್ಮವರು ಊಟಕ್ಕೆ ಕೂತಲ್ಲಿಂದಲೇ, “ಇದು ನೀನಾ ನೋಡು” ಅಂತ ಮೊಬೈಲು ತಿರುಗಿಸಿದರು. ನನ್ನ ಬೆನ್ನು. ನನ್ನ ಸೀರೆ. ನನ್ನ ಕೈಯಲ್ಲಿ ಬಿಳಿ ಬಟ್ಟೆ. ಮೇಲೆ ಬರೆದದ್ದು: ‘ಎಷ್ಟು ಚೆಂದದ ಜಾಗ, ಆದರೆ ಊರಿನವರೇ ಹೊಳೆ ಗಲೀಜು ಮಾಡಿದರೆ ಹೇಗೆ?’ ಕೆಳಗೆ ಜನ ಬರೆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಮುಖ ಕಾಣುತ್ತಿರಲಿಲ್ಲ, ಅದೊಂದು ಪುಣ್ಯ.

“ನೀವು ಅದಕ್ಕೆ ಉತ್ತರ ಬರೆಯಿರಿ” ಅಂದೆ.

“ಅಲ್ಲಿ ಬರೆದರೆ ಇನ್ನೂ ನಾಲ್ಕು ಮಂದಿ ಬಯ್ಯುತ್ತಾರೆ. ಬಿಡು, ಅನ್ನ ಹಾಕು.”

ಬಡಿಸಿದೆ. ಕಣ್ಣಿಗೆ ಕಾಣದ ಜೀವವೂ ಸಾಯಬಾರದು ಅಂತ ಸೊಂಟ ಬಗ್ಗಿಸುವವಳು ಗಲೀಜು ಮಾಡುವವಳು, ಶ್ಯಾಂಪೂ ಹಾಕಿ ಮೀಯುವವರು ಪ್ರಕೃತಿ ಪ್ರಿಯರು!

ವಿಡಿಯೋ ನೋಡಿ ಸಮಿತಿಗೆ ಭಾರೀ ಅವಮಾನ ಆಯಿತಂತೆ. ವಾರ ಕಳೆಯುವಷ್ಟರಲ್ಲಿ ಫಲಕ ಬಂತು. ಅದರ ಹಿಂದೆಯೇ ಮೆಟ್ಟಿಲಿಗೆ ಕಬ್ಬಿಣದ ಗೇಟು, ಬೀಗ. ಬೆಳಿಗ್ಗೆ ಒಂಬತ್ತಕ್ಕೆ ತೆರೆಯುವುದು, ಟಿಕೆಟ್ ತೆಗೆದು ಇಳಿಯುವುದು.

ಮೊದಲ ದಿನ ನಾನು ಕೊಡಪಾನ ಹಿಡಿದು ಗೇಟಿನ ಮುಂದೆ ನಿಂತೆ. ಒಂಬತ್ತರವರೆಗೂ ನಿಂತೆ. ಬೀಗ ತೆಗೆದ ಕೂಡಲೇ ಹಿಂದೆ ನಿಂತಿದ್ದ ಜನ ನನ್ನನ್ನು ತಾಗಿಸಿಕೊಂಡೇ ಓಡಿ ಇಳಿಯಿತು. ಮಡಿ ಅಲ್ಲಿಗೇ ಹೋಯಿತು. ಪುನಃ ಮನೆಗೆ ಬಂದು ಮಿಂದು ಹೋದರೆ ಮೆಟ್ಟಿಲಿನ ಮೇಲೆ ಕಾಲಿಡಲಿಕ್ಕೆ ಜಾಗ ಇಲ್ಲ. ಆ ದಿನ ಅಭಿಷೇಕ ಆಗುವಾಗ ಮಧ್ಯಾಹ್ನ. ಇಂದ್ರರು ಎಲ್ಲ ದಿನದ ಹಾಗೆಯೇ ಗಂಧೋದಕ ಕೊಟ್ಟರು. ಅವರು ಬೈದಿದ್ದರೆ ನನಗೆ ಅಷ್ಟು ಬೇಸರ ಆಗುತ್ತಿರಲಿಲ್ಲ.

ಸಂಜೆ ಸಮಿತಿಯ ಅಧ್ಯಕ್ಷರ ಮನೆಗೆ ಹೋದೆ. ಅವರೂ ನಮ್ಮ ಸಮಾಜದವರೇ. ಅವರ ತಾಯಿಯೂ ನೀರು ಸೋಸದೆ ಅಕ್ಕಿ ತೊಳೆದವರಲ್ಲ. ಅದಕ್ಕೇ ನನಗೆ ಹೆಚ್ಚು ಸಿಟ್ಟು.

“ಫಲಕ ಹಾಕುವಾಗ ನಿಮಗೆ ಗೊತ್ತಿರಲಿಲ್ವಾ, ನಾನು ಬಟ್ಟೆ ಒಗೆಯುವುದಲ್ಲ ಅಂತ?”

“ಗೊತ್ತುಂಟು ಅಕ್ಕ. ಆದರೆ ನೋಡುವವರಿಗೆ ಗೊತ್ತಿಲ್ಲ ಅಲ್ವಾ? ಬೆಳಿಗ್ಗೆ ಬೇಗ ಗೇಟು ತೆಗೆದಿಟ್ಟರೆ ಕಾವಲಿಗೆ ಜನ ಇಲ್ಲ. ಬಸದಿಗೆ ನಲ್ಲಿ ಹಾಕಿಸಿಕೊಡುತ್ತೇನೆ, ಆಗದಾ?”

“ನಲ್ಲಿ ನೀರು ಸೋಸಿದರೆ ಬಟ್ಟೆಯಲ್ಲಿ ಉಳಿದದ್ದನ್ನು ಎಲ್ಲಿ ಬಿಡುವುದು? ದಿನಾ ಟ್ಯಾಂಕಿಗೆ ಹತ್ತಿ ಬಿಡಬೇಕಾ?”

“ಹಾಗಾದರೆ ನಿಮ್ಮ ಮನೆಯ ಬಾವಿ?”

“ಮನೆ ಬಾವಿಗೆ ಹುಟ್ಟು ಸಾವಿನ ಸೂತಕ ಉಂಟು. ಹೊಳೆಗೆ ಇಲ್ಲ. ನಿಮ್ಮ ಅಮ್ಮನನ್ನು ಕೇಳಿ.”

ಅಧ್ಯಕ್ಷರು ಗಲ್ಲ ತುರಿಸಿಕೊಂಡರು. ಆಮೇಲೆ ಅವರ ಮುಖ ಅರಳಿತು. “ಅಕ್ಕ, ಒಂದು ಕೆಲಸ ಮಾಡುವ. ಹತ್ತು ಗಂಟೆಗೆ ನೀವು ಎಲ್ಲರ ಎದುರೇ ನೀರು ಸೋಸಿ. ಎಂತ ಮಾಡ್ತಾರೆ, ಯಾಕೆ ಮಾಡ್ತಾರೆ ಅಂತ ಮೈಕಿನಲ್ಲಿ ಒಬ್ಬರು ಹೇಳಲಿ. ಬಂದವರಿಗೆ ನಮ್ಮ ಧರ್ಮ ಗೊತ್ತಾಗುತ್ತದೆ, ನಿಮ್ಮ ಹೆಸರೂ ಸರಿಯಾಗುತ್ತದೆ. ಒಳ್ಳೆ ಅಟ್ರ್ಯಾಕ್ಷನ್ ಆಗ್ತದೆ.”

ನಾನು ಎದ್ದು ನಿಂತೆ. “ನಾನು ದೇವರಿಗೆ ನೀರು ತರುವವಳು. ನಾಟಕದವಳಲ್ಲ” ಅಂದೆ. ಚಹಾ ತಂದ ಅವರ ಹೆಂಡತಿ, “ಕುಡಿದು ಹೋಗಿ ಅಕ್ಕ” ಅಂದರು. ಸೂರ್ಯ ಮುಳುಗಿದ್ದ, ನಾನು ಆಮೇಲೆ ಏನೂ ತೆಗೆದುಕೊಳ್ಳುವುದಿಲ್ಲ.

ಮರುದಿನವೂ ಗೇಟಿಗೆ ಬೀಗ, ಅಭಿಷೇಕ ಪುನಃ ತಡ. ಟಿಕೆಟ್ ಕೊಡಲಿಕ್ಕೆ ಕೂತದ್ದು ನಮ್ಮ ನೆರೆಮನೆಯ ಬ್ಯಾರಿ ಹೆಂಗಸು. ನಾವಿಬ್ಬರೂ ತುಳುವಿನಲ್ಲೇ ಮಾತಾಡುವುದು. ಮಧ್ಯಾಹ್ನ ಆಕೆ ಬೇಲಿಯ ಹತ್ತಿರ ಬಂದು ಸಣ್ಣ ಸ್ವರದಲ್ಲಿ, “ಅಕ್ಕ, ಕೀ ನನ್ನ ಹತ್ತಿರ ಉಂಟು. ನಾನು ಸುಬಹಿ ನಮಾಜಿಗೆ ಏಳುವವಳು. ಬೆಳಕು ಹರಿಯುವ ಮೊದಲೇ ತೆಗೆದುಕೊಡ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ” ಅಂದಳು.

ನನ್ನ ಕಣ್ಣು ತುಂಬಿತು. ಆದರೂ, “ಬೇಡ ಮಾರಾಯ್ತಿ” ಅಂದೆ.

“ಯಾಕೆ ಬೇಡ? ಅವರು ನನ್ನನ್ನು ತೆಗೆದುಹಾಕ್ತಾರೆ ಅಂತಲಾ? ತೆಗೆಯಲಿ. ಬೀಡಿ ಕಟ್ಟಲಿಕ್ಕೆ ಕೈ ಉಂಟು.”

“ಅದೂ ಉಂಟು. ಇನ್ನೊಂದು, ಕದ್ದು ತಂದ ನೀರು ದೇವರಿಗೆ ಆಗುವುದಿಲ್ಲ. ಕದಿಯಬಾರದು ಅಂತ ನಮಗೆ ವ್ರತವೇ ಉಂಟು.”

“ನಿಮ್ಮ ಹೊಳೆಯ ನೀರನ್ನು ನೀವೇ ಕದಿಯುವುದಾ?” ಆಕೆಗೆ ನಗು ಬಂತು. ನನಗೂ ಬಂತು. ಆದರೆ ಗೇಟು ಹಾಕಿದವರ ಒಪ್ಪಿಗೆ ಇಲ್ಲದೆ, ಯಾರಿಗೂ ತಿಳಿಯದ ಹಾಗೆ ಇಳಿದರೆ ಅದು ಕದ್ದದ್ದೇ. ಈ ವಿಷಯದಲ್ಲಿ ನನ್ನದು ಹಠ ಅಂತ ನಮ್ಮವರು ಹೇಳಿದರು. ಹೇಳಲಿ.

ಹಾಗೆ ಮೂರನೇ ದಿನ ಬಂತು, ಆದಿತ್ಯವಾರ. ನಾನು ನಸುಕಿನಲ್ಲೇ ಹೋಗಿ ಗೇಟಿಗೆ ಕೈ ಹಾಕಿ ನೋಡಿದೆ. ಬೀಗ. ಪುನಃ ಜನರ ನೂಕಾಟಕ್ಕೆ ನಿಲ್ಲದೆ ಖಾಲಿ ಕೊಡಪಾನ ತೆಗೆದುಕೊಂಡು ಬಸದಿಗೆ ಬಂದೆ. ಇಂದ್ರರು ಕೊಡಪಾನದ ಒಳಗೆ ಒಮ್ಮೆ ನೋಡಿದರು. ಆಮೇಲೆ ಬಸದಿಯ ಬಾಗಿಲು ಎಳೆದು ಹೊರಗಿನ ಜಗಲಿಯಲ್ಲಿ ಕೂತು ಪಂಚನಮಸ್ಕಾರ ಹೇಳತೊಡಗಿದರು. ನಾನೂ ಒಂದು ಕಡೆ ಕೂತೆ. ನಾವು ಇದನ್ನು ಮಾತಾಡಿಕೊಂಡು ಮಾಡಿದ್ದಲ್ಲ. ಅಭಿಷೇಕ ಆಗದೆ ಹೊರಗಿನವರಿಗೆ ದರ್ಶನ ಇಲ್ಲ ಎನ್ನುವುದು ಎಲ್ಲ ದಿನದ ಕ್ರಮ. ನೀರು ಹೊತ್ತಿಗೆ ಸರಿಯಾಗಿ ಬರುತ್ತಿದ್ದದ್ದರಿಂದ ಆ ಕ್ರಮ ಯಾರಿಗೂ ನೆನಪಿರಲಿಲ್ಲ. ಹಿಂದಿನ ಎರಡು ದಿನ ಬಂದವರು ಹೊಳೆಯಲ್ಲಿ ಆಡಿ ಹೋಗುವವರು, ಬಸದಿಯ ಬಾಗಿಲು ಮುಚ್ಚಿದ್ದನ್ನು ಕೇಳಲಿಲ್ಲ.

ಆದಿತ್ಯವಾರ ಹಾಗಲ್ಲ. ಗೇಟು ತೆರೆಯುವ ಹೊತ್ತಿಗೆ ಮೊದಲೇ ಒಂದು ಬಸ್ಸು ಬಂತು, ಹಿಂದೆ ಇನ್ನೊಂದು, ಅದರ ಹಿಂದೆ ಕಾರುಗಳು. ಗೈಡು ಓಡಿ ಬಂದು ಕೇಳಿದ, “ಎಷ್ಟು ಹೊತ್ತಿಗೆ ತೆಗೀತೀರಿ ಸ್ವಾಮಿ?”

“ಅಭಿಷೇಕ ಆಗಬೇಕು” ಅಂದರು ಇಂದ್ರರು.

“ಅಭಿಷೇಕ ಯಾವಾಗ?”

“ನೀರು ಬಂದ ಮೇಲೆ.”

“ನೀರು ಯಾವಾಗ ಬರ್ತದೆ?”

ಇಂದ್ರರು ಹೊಳೆಯ ಕಡೆ ಕೈ ತೋರಿಸಿ ಪುನಃ ಜಪಕ್ಕೆ ಕೂತರು.

ಅಧ್ಯಕ್ಷರ ಬೈಕು ಬರಲು ತಡವಾಗಲಿಲ್ಲ. ಶರ್ಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು. “ಅಕ್ಕ, ನೀವು ಹೀಗೆ ಮಾಡಬಾರದು. ಬೆಂಗಳೂರಿನವರು, ಮುಂದೆ ಧರ್ಮಸ್ಥಳಕ್ಕೆ ಹೋಗಲಿಕ್ಕೆ ಉಂಟು ಅವರಿಗೆ.”

“ನಾನು ಎಂತ ಮಾಡಿದೆ? ಬೀಗ ಹಾಕಿದ್ದು ನಾನಾ?”

ಬಸ್ಸಿನಿಂದ ಇಳಿದ ಒಬ್ಬರು ಅಜ್ಜಿ ಇಷ್ಟು ಹೊತ್ತು ಎಲ್ಲ ಕೇಳುತ್ತಿದ್ದರು. ಅವರು ಅಧ್ಯಕ್ಷರಿಗೇ ಅಂದರು: “ಏನಪ್ಪಾ, ದೇವರಿಗೆ ಸ್ನಾನ ಇಲ್ಲದೆ ನಮಗೆ ದೇವರನ್ನ ತೋರಿಸ್ತೀಯಾ? ಹೋಗು, ಬೀಗ ತೆಗಿ.” ಪರವೂರಿನವರೆಲ್ಲ ಒಂದೇ ಥರ ಅಂತ ನಾನು ಬರೆದ ಹಾಗೆ ಕಂಡರೆ, ಆ ಅಜ್ಜಿಗಾಗಿ ಅದನ್ನು ತಿದ್ದಿಕೊಳ್ಳುತ್ತೇನೆ.

ಅಧ್ಯಕ್ಷರು ತಾವೇ ಗೇಟು ತೆಗೆದರು. ನಾನು ಇಳಿಯಲಿಲ್ಲ. “ಇವತ್ತಿಗೆ ಮಾತ್ರವಾ, ದಿನಾ ಬೆಳಿಗ್ಗೆಯಾ? ಇಲ್ಲಿಯೇ, ಎಲ್ಲರೂ ಕೇಳುವ ಹಾಗೆ ಹೇಳಿ” ಅಂದೆ.

“ದಿನಾ” ಅಂದರು.

“ಜೋರಾಗಿ.”

“ದಿನಾ ಬೆಳಿಗ್ಗೆ ಅಭಿಷೇಕದ ನೀರಿಗೆ ಗೇಟು ತೆಗೆದಿರುತ್ತದೆ. ಆಯ್ತಾ ಅಕ್ಕ?”

ಮನೆಗೆ ಹೋಗಿ ಪುನಃ ಮಿಂದು ಬಂದೆ. ಎಲ್ಲರೂ ಮೇಲೆಯೇ ನಿಂತರು, ಟಿಕೆಟಿನ ಹೆಂಗಸು ಎರಡೂ ಕೈ ಅಗಲ ಮಾಡಿ ಗೇಟಿಗೆ ಅಡ್ಡ ನಿಂತು, “ಒಬ್ಬರೂ ಇಳಿಯಲಿಕ್ಕಿಲ್ಲ, ಮೊಬೈಲು ಕಿಸೆಗೆ ಹಾಕಿ!” ಅಂತ ಗದರಿಸುತ್ತಿದ್ದಳು. ನಾನು ಅವಸರ ಮಾಡಲಿಲ್ಲ. ಸೋಸಿದೆ, ಮಗುಚಿದೆ, ಬಗ್ಗಿ ನೀರಿಗೆ ಬಿಟ್ಟೆ.

ಈಗ ಗೇಟು ದಿನಾ ತೆಗೆದಿರುತ್ತದೆ. ಅಷ್ಟು ಸಿಕ್ಕಿತು, ಸಣ್ಣದಲ್ಲ ಅದು. ಆದರೆ ಆ ವಿಡಿಯೋವನ್ನು ಯಾರೂ ತೆಗೆಯಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ಯಾರ ಬಾಯಿಯಿಂದಲೂ ಬರಲಿಲ್ಲ. ಸಂಜೆ ಊಟ ಮುಗಿಸಿ, ನಾನು ಎಲ್ಲ ಜೀವಗಳನ್ನೂ ಕ್ಷಮಿಸಿದೆ ಅಂತ ಹೇಳಿ, ಎಲ್ಲ ಜೀವಗಳಿಂದಲೂ ಕ್ಷಮೆ ಕೇಳಿ ಮಲಗುವವಳು. ನೀರಿನವು, ಮಣ್ಣಿನವು, ಗಾಳಿಯವು, ಸಲೀಸಾಗಿ ಹೇಳಿಕೊಂಡು ಹೋಗುತ್ತೇನೆ. ಅಧ್ಯಕ್ಷರ ಹತ್ತಿರ ಬರುವಾಗ ನಾಲಿಗೆ ನಿಲ್ಲುತ್ತದೆ. ಸಿಟ್ಟು ಇಟ್ಟುಕೊಳ್ಳಬಾರದು ಅಂತ ಗೊತ್ತುಂಟು. ನಿನ್ನೆಯೂ ನಿಂತಿತು. ಸ್ವಲ್ಪ ಹೊತ್ತು ಕಾದು, ಆ ಒಂದು ಜೀವವನ್ನು ಬಿಟ್ಟು ದೀಪ ಆರಿಸಿದೆ.