ಮೂರು ಹಿಡಿ ಮರಳು

ಎಪ್ಪತ್ತರ ದಶಕದ ಆ ದಿನಗಳಲ್ಲಿ ಕಬ್ಬಿನ ಗಾಡಿ ಕಂಡರೆ ಸಾಕು, ಮಂಡ್ಯದ ಮಕ್ಕಳೆಲ್ಲ ಹಿಂದೆ ಓಡುತ್ತಿದ್ದೆವು. ಜಲ್ಲೆ ಎಳೆದುಕೊಳ್ಳುವುದೇ ನಮ್ಮ ಸ್ಪೋರ್ಟ್ಸ್. ಕಾನ್ವೆಂಟಿನ ಪ್ಲೀಟೆಡ್ ಸ್ಕರ್ಟಿನಲ್ಲೇ ನಾನೂ ಓಡಿ, ಜಲ್ಲೆ ಹಿಡಿದು ಜೋತು, ರಸ್ತೆಗೆ ಬಿದ್ದೆ. ಬಲ ಮೊಣಕೈ ಮುರಿಯಿತು. ಆಗ ನನಗೆ ಹನ್ನೊಂದು ವರ್ಷ.

ಪ್ಲಾಸ್ಟರ್ ಬಿಚ್ಚಿದಾಗ ಒಳಗಿದ್ದದ್ದು ಒಣಗಿದ ನುಗ್ಗೇಕಾಯಿಯಂಥ ಒಂದು ಕೈ. ಮಡಿಸಿದರೆ ಹೆಗಲು ಮುಟ್ಟದು, ಚಾಚಿದರೆ ನೆಟ್ಟಗಾಗದು.

"ಎಕ್ಸರ್‌ಸೈಜ್ ಮಾಡಿಸಿ, ನಿಧಾನವಾಗಿ ಭಾರ ಎತ್ತಿಸಿ. ತಿಂಗಳಲ್ಲಿ ಸರಿಹೋಗದಿದ್ದರೆ ಆಪರೇಷನ್," ಎಂದರು ಡಾಕ್ಟರು.

ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಆಪರೇಷನ್ನಿಗೆಂದು ಹೋದ ಅವಳ ತಂಗಿ ತಿರುಗಿ ಮನೆಗೆ ಬಂದಿರಲಿಲ್ಲ.

ನನ್ನನ್ನು ಹನಕೆರೆಯ ದೊಡ್ಡಪ್ಪನ ಮನೆಗೆ ಕಳಿಸಿದರು. ದೊಡ್ಡಪ್ಪ ಹಳೆಯ ಪೈಲ್ವಾನ್. ಊರ ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದರು. ಅಲ್ಲಿಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಗರಡಿಯ ಕೆಮ್ಮಣ್ಣನ್ನು ಒಂದು ಹಿಡಿ ಟವೆಲಿನಲ್ಲಿ ಕಟ್ಟಿ ತಂದು ಜಗಲಿಯ ಮೇಲಿಡುತ್ತಿದ್ದರು. ಎಣ್ಣೆ, ಮಜ್ಜಿಗೆ, ಅರಿಶಿನ ಕುಡಿದ ಮಣ್ಣಿನ ಆ ಘಮ!

"ಮುಟ್ಟಿ ಕಣ್ಗೊತ್ಕೊ. ಇದ ಮುಟ್ಟುದ್ಮೇಲೆ ಸುಳ್ಳು ಏಳಂಗಿಲ್ಲ ಕಣಮ್ಮಿ."

ಬಟ್ಟೆಯ ಕೈಚೀಲದಲ್ಲಿ ಒಂದಿಷ್ಟು ಮರಳು. ಅಂಗೈ ಮೇಲೆ ಮಾಡಿ ಅದನ್ನು ಹಿಡಿದು, ಹೆಗಲಿನತ್ತ ಕೈ ಮಡಿಸಬೇಕು. ಮೊಣಕೈಗೂ ಪಕ್ಕೆಗೂ ನಡುವೆ ಒಂದು ವೀಳ್ಯದೆಲೆ ಸಿಕ್ಕಿಸುತ್ತಿದ್ದರು. ಮೊಣಕೈ ಪಕ್ಕೆ ಬಿಟ್ಟರೆ ಎಲೆ ಬೀಳುತ್ತಿತ್ತು.

"ಎಲೆ ಬಿತ್ತು, ಎಣ್ಕೆ ಓಯ್ತು. ಮೊದ್ಲಿಂದ ಮಾಡು."

"ಆರು ಆಗಿತ್ತು ದೊಡ್ಡಪ್ಪ!"

"ಆರೂ ಎತ್ತಿದ್ದು ನಿನ್ ಸೊಂಟ, ತೋಳಲ್ಲ. ಎತ್ತದೇನ್ ಮಹಾ, ಯಾರಾದ್ರೂ ಎತ್ತಾರು. ಮೆಲ್ಗೆ ಇಳ್ಸು, ಕೈಲಿ ಮೊಟ್ಟೆ ಐತೆ ಅನ್ಕೊ."

ಎರಡೆಣಿಸುತ್ತ ಎತ್ತಬೇಕು, ನಾಲ್ಕೆಣಿಸುತ್ತ ಇಳಿಸಬೇಕು. ಮುಗಿದ ಮೇಲೆ ದೊಡ್ಡಮ್ಮ ನೆನೆಸಿದ ಕಡಲೆ, ಅಚ್ಚುಬೆಲ್ಲ ಕೊಡುತ್ತಿದ್ದರು. ಮೂರು ದಿನಕ್ಕೊಮ್ಮೆ ದೊಡ್ಡಪ್ಪನೇ ಚೀಲಕ್ಕೆ ಒಂದು ಹಿಡಿ ಮರಳು ಸೇರಿಸುತ್ತಿದ್ದರು. ನನಗೋ ಇದೆಲ್ಲ ಟೂ ಸ್ಲೋ. ಡಾಕ್ಟರ ಬಳಿ ಹೋಗಲು ಹತ್ತೇ ದಿನ ಉಳಿದಿತ್ತು, ಬೆರಳ ತುದಿ ಇನ್ನೂ ಹೆಗಲಿನಿಂದ ಎರಡಂಗುಲ ದೂರ.

ಒಂದು ಮಧ್ಯಾಹ್ನ ದೊಡ್ಡಪ್ಪ ಗದ್ದೆಗೆ ಹೋದಾಗ ಚೀಲಕ್ಕೆ ಒಟ್ಟಿಗೆ ಮೂರು ಹಿಡಿ ಸುರಿದೆ. ಎಲೆ ಇಡಲಿಲ್ಲ. ಬೆನ್ನನ್ನು ಹಿಂದಕ್ಕೆ ಜೋಲಿ ಹೊಡೆಸಿ ಎತ್ತಿದೆ. ಹತ್ತು ಸಲ! ಹನ್ನೊಂದನೆಯದಕ್ಕೆ ಮೊಣಕೈಯೊಳಗೆ ಕಾದ ಸೂಜಿ ಚುಚ್ಚಿದಂತಾಯಿತು. ಸಂಜೆಗೆ ಊದಿತು. ಹೆಚ್ಚಿನ ಮರಳು ಚೆಲ್ಲಿ, ಸ್ವೆಟರ್ ತೋಳು ಎಳೆದು ಊತ ಮುಚ್ಚಿಕೊಂಡೆ.

ಮರುದಿನ ಮಣ್ಣು ಮುಟ್ಟಲು ಹೋದ ಬೆರಳು ಅರ್ಧಕ್ಕೇ ನಿಂತಿತು.

"ಯಾಕಮ್ಮಿ, ಮಣ್ಣು ಸುಡ್ತದಾ?"

ಅತ್ತುಬಿಟ್ಟೆ. ಎಲ್ಲ ಹೇಳಿದೆ. ದೊಡ್ಡಪ್ಪ ಬೈಯಲಿಲ್ಲ. ಸ್ವೆಟರ್ ತೋಳು ಸರಿಸಿ ನೋಡಿದರು. ಅವರ ಮುಖ ಕಪ್ಪಿಟ್ಟದ್ದು ಕಂಡಾಗಲೇ ನನಗೆ ನಿಜವಾದ ಭಯ ಹುಟ್ಟಿದ್ದು. ಚೀಲವನ್ನು ಅಂಗಳಕ್ಕೆ ಬೋರಲು ಹಾಕಿದರು.

"ಐದ್ ದಿನ ಏನೂ ಎತ್ತಂಗಿಲ್ಲ. ಆಮೇಲೆ ಬರೀ ಕೈ ಮಡ್ಚು, ಇಳ್ಸು. ನಿಮ್ಮವ್ವಂಗೆ ಏನ್ ಏಳ್ಲಿ ನಾನು?"

ಡಾಕ್ಟರ ಕೋಣೆಯಲ್ಲಿ ಅಮ್ಮ ಉಸಿರು ಬಿಗಿಹಿಡಿದು ಕೂತಿದ್ದಳು. ದೊಡ್ಡಪ್ಪ ಬಾಗಿಲಾಚೆ ಟವೆಲ್ ಹಿಂಡುತ್ತ ನಿಂತಿದ್ದರು. ಪಕ್ಕೆಯಲ್ಲಿ ಎಲೆಯಿದೆ ಅಂದುಕೊಂಡೆ. ಒಂದು, ಎರಡು. ಬೆರಳು ಹೆಗಲು ಮುಟ್ಟಿತು! ಇಳಿಸಿದೆ. ಒಂದು, ಎರಡು, ಮೂರು. ನಾಲ್ಕಕ್ಕೆ ಕೈ ಪೂರ್ತಿ ನೆಟ್ಟಗಾಗಲಿಲ್ಲ.

"ಸ್ವಲ್ಪ ಕೊಂಕು ಉಳಿಯುತ್ತೆ. ಆಪರೇಷನ್ ಬೇಡ," ಎಂದರು ಡಾಕ್ಟರು.

ಅದು ಕಬ್ಬಿನ ಗಾಡಿಯಿಂದ ಬಿದ್ದಾಗ ಆದ ಕೊಂಕೆಂದೇ ಅಮ್ಮ ಕೊನೆಯವರೆಗೂ ನಂಬಿದ್ದಳು. ನನ್ನ ಮೂರು ಹಿಡಿ ಮರಳಿನ ವಿಷಯ ದೊಡ್ಡಪ್ಪ ಯಾರಿಗೂ ಹೇಳಲಿಲ್ಲ.

ಈಗ ಗರಡಿಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಮೊನ್ನೆ ನನ್ನ ಮೊಮ್ಮಗಳು ಕನ್ನಡಿಯ ಮುಂದೆ ಡಂಬೆಲ್ ಎತ್ತುತ್ತಿದ್ದಳು. ಮೊಣಕೈ ಪಕ್ಕೆ ಬಿಟ್ಟು ಮುಂದೆ ಬರುತ್ತಿತ್ತು. ವೀಳ್ಯದೆಲೆ ಸಿಕ್ಕಿಸಲು ಹೋದೆ.

"ಅಜ್ಜಿ! ಫಾರ್ಮ್ ನೋಡ್ಕೊಳ್ಳೋಕೆ ಮಿರರ್ ಇದೆಯಲ್ಲ?"

ಇದೆ. ಅದಕ್ಕೆ ನನ್ನ ಕೊಂಕೂ ಕಾಣುತ್ತದೆ. ಆದರೆ ದೊಡ್ಡಪ್ಪನಂತೆ "ಯಾಕಮ್ಮಿ" ಎಂದು ಅದು ಕೇಳುವುದಿಲ್ಲ.